ಗಂಗರತ್ನಮ್ಮನ ಮೈಯ ಕಾವಲುಗಾರರು

ಮಾಸ್ಟ್ ಕಣ ಎಂಬ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ೧೯೭೯ರಲ್ಲಿ, ಹೊಸೂರಿನ ಒಬ್ಬ ಡಾಕ್ಟರಮ್ಮನ ಕೋಣೆಯಲ್ಲಿ. ಓರಗಿತ್ತಿ ಗಂಗರತ್ನಮ್ಮನ ಊಟಕ್ಕೆ ಮಾಟದ ಮದ್ದು ಹಾಕಿದವಳೆಂಬ ಹೆಸರು ಹೊತ್ತು ಅಲ್ಲಿ ನಿಂತಿದ್ದೆ.

ಕೆಲಮಂಗಲದ ಹತ್ತಿರ ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಗೂಡು ಕಟ್ಟುವ ಮುಂಚಿನ ವಾರ ಹುಳುಮನೆ ಬಿಟ್ಟು ಬರುವಂತಿಲ್ಲ. ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು ಗಂಗರತ್ನಮ್ಮ. ಅವಳಿಗೆ ಮುದ್ದೆ ಒಯ್ಯುವುದು ನಾನು. ನನ್ನ ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟದಲ್ಲಿ ಪಾಲು ಕೇಳಿದ್ದೆ. ಅದೇ ವರ್ಷ ನನ್ನ ಮುದ್ದೆ ಉಂಡ ಗಳಿಗೆಗೆ ಅವಳಿಗೆ ಮೈತುಂಬ ತುರಿಕೆಯ ದದ್ದು, ಗಂಧೆ, ಏಳತೊಡಗಿತು. ಕಂಬಳಿಯಿಂದ ಉಜ್ಜಿದರೂ ಇಳಿಯಲಿಲ್ಲ.

ಅವಳ ಗಂಡ, ನನ್ನ ಮೈದುನ ಬಚ್ಚಪ್ಪ, ಅವಳನ್ನು ರಾಯಕೋಟೆ ಕಡೆ ಮದ್ದು ಕಕ್ಕಿಸುವವನ ಬಳಿ ಕರೆದೊಯ್ದ. ವಾರ ಅಲ್ಲಿದ್ದು ನುಣ್ಣನೆಯ ಮೈಯಲ್ಲಿ ಬಂದಳು. ತಾನು ಕಕ್ಕಿದ್ದೆಂದು ಎಲೆಯಲ್ಲಿ ಕೂದಲಿನ ಉಂಡೆಯೊಂದನ್ನು ನನ್ನ ಮುಂದಿಟ್ಟಳು.

"ಇದ್ಯಾರ್ ಕೂದ್ಲಕ್ಕ? ನಿನ್ ಬಾಚಣ್ಗೆ ತತ್ತೀಯಾ, ನೋಡಾನ."

"ನಂದು ಅರ್ಧ ನೆರ್ತೈತೆ ಕಣೇ, ಇದು ಕರ್ರಗೈತೆ. ಆ ಕಕ್ಕಿಸೋನ್ ಹೆಂಡ್ತೀನ್ ಕೇಳು."

ಮುಂದಿನ ಬೆಳೆಗೆ ತಾನೇ ಬೇಯಿಸಿಕೊಂಡು ಹುಳುಮನೆ ಹೊಕ್ಕಳು. ಆಗಲೂ ಗಂಧೆ ಎದ್ದಿತು. "ಉಪ್ಪಿನ್ ಗಡ್ಗೆ ಮುಟ್ಟಿರ್ತಾಳೆ," ಎಂದು ನನ್ನತ್ತ ಕೈ ಮಾಡಿ ಗಂಡನಿಗೆ ಹೇಳಿದಳು. ಮಾತು ಮುಗಿಯುವಷ್ಟರಲ್ಲಿ ತುಟಿ ಊದಿ ಉಸಿರು ಕಟ್ಟಿತು. ದಾರಿಯಲ್ಲಿ ಸತ್ತರೆ ನನ್ನ ತಲೆಗೇ ಬರುತ್ತದೆಂದು ನಾನೂ ಗಾಡಿ ಹತ್ತಿದೆ.

ಡಾಕ್ಟರಮ್ಮ ಸೂಜಿ ಹಾಕಿ, ಉಸಿರು ತಿರುಗಿದ ಮೇಲೆ ಅವಳ ಕೆಲಸವೇನೆಂದು ವಿಚಾರಿಸಿದರು. ತಮಿಳಿನವರು; ಬಿಡಿಸಿ ಬಿಡಿಸಿ ಕನ್ನಡದಲ್ಲಿ ಹೇಳಿದರು.

"ಚರ್ಮದ ಕೆಳಗೆ, ಗಂಟಲಲ್ಲಿ ಮಾಸ್ಟ್ ಕಣ ಅಂತ ಕಾವಲುಗಾರರು ಇರ್ತಾರಮ್ಮ. ಅದೇ ಜಾತಿಯೋವು ರಕ್ತದಲ್ಲಿ ಓಡಾಡ್ತವೆ, ಅವು ಬೇಸೋಫಿಲ್. ಹೊಟ್ಟೆಹುಳ ಬರ್ಲಿ, ಜೇನು ಕುಟುಕಲಿ, ಮೊದಲು ಕೂಗಿ ಮಿಕ್ಕ ಪಡೆ ಕರೆಯೋದು ಇವೇ. ಅವಿಲ್ದೆ ಆಗಲ್ಲ. ಈಕೆ ಮೈಯಲ್ಲಿ ರೇಷ್ಮೆಹುಳದ ಧೂಳನ್ನೂ ಶತ್ರು ಅಂತ ನಂಬಿಬಿಟ್ಟಿವೆ. ಒಳಗಿಟ್ಟಿರೋ ರಸ ಚೆಲ್ತವೆ, ಮೈ ಊದ್ತದೆ. ಊಟದಲ್ಲಿ ಏನೂ ಇಲ್ಲ."

ಗಂಗರತ್ನಮ್ಮ ಮಲಗಿದ್ದಲ್ಲಿಂದಲೇ ನನ್ನನ್ನು ಓರೆಗಣ್ಣಲ್ಲಿ ನೋಡಿದಳು. "ಅಮ್ಮಾ, ಆ ಕಾವಲ್ಗಾರರ್ಗೆ ಯಾರಾನಾ ಹೇಳ್ಕೊಟ್ಟಿರ್ಬೋದಾ?"

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಅವಳು ಹುಳು ಬಿಟ್ಟು ಎಮ್ಮೆ ಕಟ್ಟಿದಳು. ಗಂಧೆ ಮತ್ತೆ ಏಳಲಿಲ್ಲ. ಆದರೆ ಹುಳುಮನೆ, ತೋಟ ಎರಡೂ ನನ್ನ ಕೈಗೆ ಬಂದವು. ಅವಳಿಗೆ ಅದೇ ದೊಡ್ಡ ಸಾಕ್ಷಿ. ಒಂಬತ್ತು ವರ್ಷ ನನ್ನ ಮನೆಯ ನೀರು ಮುಟ್ಟಲಿಲ್ಲ.

ಎಂಬತ್ತೆಂಟನೇ ಇಸವಿಯಲ್ಲಿ ಎದೆನೋವಿನಿಂದ ಮಲಗಿದಳು. ನೋಡಿಕೊಳ್ಳಲು ನನ್ನನ್ನು ಬಿಟ್ಟು ಇನ್ನೊಂದು ಹೆಣ್ಣಿರಲಿಲ್ಲ. ನಾನು ಕುಡಿಸಿದ ಗಂಜಿ ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, ಮೆಲ್ಲಗೆ ಹತ್ತಿರ ಕರೆದಳು.

"ಈಗ್ಲಾನಾ ಹೇಳಕ್ಕ, ನಾನ್ ಯಾರ್ಗೂ ಹೇಳಲ್ಲ. ಅವತ್ತು ಏನ್ ಹಾಕಿದ್ದೆ?"