ಹುಣಸೆಹಣ್ಣಿಗೆ ಅಳಿಸಿಹೋದ ಅಕ್ಷರ

ಸೆಪ್ಟೆಂಬರ್ 14, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಮಧುಗಿರಿಯ ನಮ್ಮ ಮನೆಯ ಹಳೇ ಕೋವಿ ರಿಪೇರಿಯಾಗಿ ಬಂದ ಹೊತ್ತು ಅದು. ಮದ್ದು ತುಂಬಿ ಹೊಡೆಯುತ್ತಿದ್ದ ಕಾಲದ ಕೋವಿ. ತಾತ ಇದ್ದಾಗಲೇ ನಳಿಗೆ ಮುಚ್ಚಿಸಿ, ಠಾಣೆಯಲ್ಲಿ ಕಾಗದಪತ್ರ ಮಾಡಿಸಿದ್ದರು. ಈಗ ಅದು ಗೋಡೆಯಿಂದ ಇಳಿಯುವುದು ಆಯುಧಪೂಜೆಗೆ ಮಾತ್ರ.

ಗೆದ್ದಲು ತಿಂದ ಮರದ ಹಿಡಿಯನ್ನು ದೊಡ್ಡಪ್ಪ ಕೊರಟಗೆರೆಯ ಬಡಗಿಯಿಂದ ಹೊಸದಾಗಿ ಮಾಡಿಸಿದ್ದರು. ನಾನು ಡೈರಿಯಲ್ಲಿ ಬರೆದುಕೊಂಡೆ. ಹಳೆಯದು: ನಳಿಗೆ, ಬೆರಳಲ್ಲಿ ಎಳೆಯುವ ಕುದುರೆ, ಹಿಡಿಯ ಮೇಲಿನ ಹಿತ್ತಾಳೆ ತಗಡು. ಹೊಸದು: ಹಿಡಿ, ಎರಡು ತಿರುಪು.

"ಈ ತಗಡಿನ್ ಮೇಲೆ ಅಕ್ಸರ ಇರ್ಬೇಕಿತ್ತಲ್ಲ ಅಂದ ಬಡಗಿ," ಎಂದರು ದೊಡ್ಡಪ್ಪ.

ಅಜ್ಜಿ ಕೂತಲ್ಲೇ ತಲೆ ತಗ್ಗಿಸಿದರು. "ಇದ್ವು ಕಣಮ್ಮ," ಎಂದು ನನಗೆ ಹೇಳಿದರು. "ಮದ್ವೆ ಆಗಿ ಬಂದ ವರ್ಸದಿಂದ ಹುಣ್ಸೆಹಣ್ಣು, ಬೂದಿ ಹಾಕಿ ಉಜ್ದೋಳು ನಾನೇ. ನಿಮ್ ತಾತಂಗೆ ಫಳಫಳ ಅನ್ಬೇಕಿತ್ತು. ಅಕ್ಸರ ಹೋಗ್ಬುಡ್ತವೆ ಅಂತ ಯಾರಿಗ್ಗೊತ್ತು?"

ಅಂದಿನಿಂದ ಅವರು ಕೋವಿಯಿದ್ದ ಗೋಡೆಯ ಕಡೆ ನೋಡುವುದನ್ನೇ ಬಿಟ್ಟರು. ಮಾತೂ ಕಡಿಮೆಯಾಯಿತು. ದೊಡ್ಡಪ್ಪ ತಡೆಯಲಾರದೆ ಮುಂದಿನ ಶನಿವಾರ ತಗಡು ಬಿಚ್ಚಿ, ನನ್ನನ್ನೂ ಕರೆದುಕೊಂಡು ಸಿರಾ ಬಸ್ಸು ಹತ್ತಿದರು. ಅಲ್ಲಿ ಪಾತ್ರೆಗಳ ಮೇಲೆ ಹೆಸರು ಕೆತ್ತುವವರೊಬ್ಬರಿದ್ದಾರೆ.

ಹೊಸ ಹಿಡಿ ನನಗೆ ತಪ್ಪೆನಿಸಿರಲಿಲ್ಲ. ಅದು ಹೊಸದೆಂದು ನೋಡಿದವರಿಗೆಲ್ಲ ತಿಳಿಯುತ್ತದೆ. ಅಕ್ಷರದ ವಿಷಯ ಹಾಗಲ್ಲ, ಈಗ ಕೆತ್ತಿಸಿದರೂ ಹಳೆಯದೆಂದೇ ಎಲ್ಲರೂ ನಂಬುತ್ತಾರೆ ಎಂದು ಬಸ್ಸಿನಲ್ಲಿ ಹೇಳಿದೆ.

"ಅಮ್ಮ ನಗ್ಲಿ ಅಂತ ಮಾಡ್ತಿದೀನಿ, ಮಾರಾಕಲ್ಲ," ಎಂದರು ದೊಡ್ಡಪ್ಪ.

ಕೆತ್ತುವವರು ತಗಡನ್ನು ತಿರುಗಿಸಿ ನೋಡಿದರು. "ಎಷ್ಟು ಪುರಾನಾ ಮಾಡ್ಲಿ ಸಾಬ್? ಉಪ್ಪುನೀರಲ್ಲಿ ಇಟ್ರೆ ಎಂಟು ದಿನಕ್ಕೇ ನೂರು ವರ್ಷ ಆಗ್ತದೆ. ಏನ್ ಬರೀಬೇಕು, ಅದು ಹೇಳಿ."

ದೊಡ್ಡಪ್ಪ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ತಗಡಿನ ಮೇಲೆ ಏನಿತ್ತೆಂದು ಕೇಳಿದರು.

"ನಂಗೇನ್ ಓದಾಕ್ ಬರ್ತಿತ್ತಾ? ಗೆರೆಗೆರೆ ಇದ್ವು, ಉಜ್ದೆ," ಎಂದರು ಅಜ್ಜಿ.

"ಹೋಗ್ಲಿ ಬುಡಮ್ಮ, ಕೋಟೆ ಪಾಳೇಗಾರ್ರ ಹೆಸ್ರು ಹಾಕುಸ್ತೀನಿ. ಅವ್ರೇ ಕೊಟ್ಟಿದ್ದು ಅಂತ ಅಪ್ಪ ಹೇಳ್ತಿರ್ಲಿಲ್ವಾ?"

"ನಿಮ್ಮಪ್ಪ ಏನೇನೋ ಹೇಳ್ತಿದ್ರು. ನಾನ್ ಅಳ್ಸಿದ್ದು ಸಾಲ್ದು ಅಂತ ನೀನ್ ಸುಳ್ ಬರುಸ್ತೀಯೇನ್ಲಾ? ಹಂಗೇನಾರ ಬರ್ಸಿದ್ರೆ ಅದನ್ನ ಪೂಜೆಗ್ ಇಕ್ಬೇಡ."

"ಅಮ್ಮಾವ್ರು ನನ್ ಗಿರಾಕಿ ಕೆಡಿಸ್ಬುಟ್ರು," ಎಂದು ನಗುತ್ತ ಕೆತ್ತುವವರು ತಗಡನ್ನು ವಾಪಸ್ ಕೊಟ್ಟರು.

ಆಯುಧಪೂಜೆಯ ದಿನ ಅಜ್ಜಿ ಕೋವಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಅಕ್ಷರವಿಲ್ಲದ ಆ ತಗಡಿನ ಮೇಲೇ ಹೂವಿಟ್ಟರು. ಹುಣಸೆಹಣ್ಣು ದೀಪದ ಕಂಬಗಳಿಗೆ ಹೋಯಿತು. ಆಮೇಲೆ ನನ್ನನ್ನು ಕರೆದು, "ಓದ್ದೋಳಲ್ವಾ ನೀನು? ಏನಿತ್ತು ಅಂತ ಹುಡುಕಮ್ಮ," ಎಂದರು.

ಪಾವಗಡದ ಕಡೆ ಇಂಥದೇ ಕೋವಿಯಿರುವ ಎರಡು ಮನೆಗಳಿಗೆ ಹೋಗಿ ಬಂದೆ. ಅಲ್ಲಿಯೂ ತಗಡು ನುಣುಪು. ಯಾರೂ ಉಜ್ಜದೆ ಬಿಟ್ಟ ಇಂಥ ಕೋವಿ ನಿಮ್ಮ ಮನೆಯಲ್ಲಿದ್ದರೆ, ತಗಡಿನ ಮೇಲೆ ಏನಿದೆ ಎಂದು ದಯವಿಟ್ಟು ಬರೆದು ತಿಳಿಸಿ. ಓದಲು ಬಾರದಿದ್ದರೆ ಗೆರೆಗಳನ್ನು ಇದ್ದ ಹಾಗೇ ಬಿಡಿಸಿ ಕಳಿಸಿದರೂ ಸಾಕು. ಅಜ್ಜಿಗೆ ತೋರಿಸಬೇಕು.