ಲಾಲಿ ಹಾಡಿಗೆ ಅಂಟಿದ ಸಾವು

ನಮ್ಮ ಕನ್ನಡ ಪುಸ್ತಕಗಳನ್ನು ಓದದೆಯೇ, ಯಾರನ್ನೂ ಕೇಳದೆಯೇ ಲೈಬ್ರರಿಯವರು ಅವುಗಳ ವಿಷಯ ಬರೆದುಹಾಕಿದರು. ತಪ್ಪು ಅದೇ.

ವಿಲಾಯತಿಯ ಕ್ರೋಯ್ಡನ್ ಕಡೆಯ ಲೈಬ್ರರಿಯೊಂದರಲ್ಲಿ ನಾನು ಪುಸ್ತಕ ಜೋಡಿಸುತ್ತಿದ್ದೆ. ಪುಸ್ತಕಪಟ್ಟಿಯ ಕಾರ್ಡುಗಳು ಹೋಗಿ ಕಂಪ್ಯೂಟರ್ ಬಂದ ಹೊಸತು. ಧಾರವಾಡದ ಡಾಕ್ಟರೊಬ್ಬರ ಹೆಂಡತಿ, ತುಂಬು ಗರ್ಭಿಣಿ, ಲಾಲಿ ಹಾಡಿನ ಪುಸ್ತಕ ಕೇಳಿಕೊಂಡು ಬಂದರು. ಹುಡುಕಿದೆ. ಪರದೆಯ ಮೇಲೆ ಹೆಸರು ಬಂತು, ಅದರ ಕೆಳಗೆ ಇಂಗ್ಲಿಷಿನಲ್ಲಿ ವಿಷಯ: ಶವಸಂಸ್ಕಾರ.

"ಬ್ಯಾರೇದು ನೋಡ್ರಿ," ಅಂದರು.

ಬಾಣಂತಿ ಅಡುಗೆ: ಶವಸಂಸ್ಕಾರ. ಮಕ್ಕಳ ಕಥೆ: ಶವಸಂಸ್ಕಾರ.

ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ನಮ್ಮ ಮೊದಲನೇ ಕೂಸು ಉಳೀಲಿಲ್ಲ. ಈ ಕಂಪ್ಯೂಟರಿಗೆ ಅದು ಹೆಂಗ ಗೊತ್ತಾತ್ರೀ?"

ಪುಸ್ತಕ ಮುಟ್ಟದೆ ಹೊರಟುಹೋದರು.

ವಿಷಯ ನಮೂದಿಸುವವನನ್ನು ಹಿಡಿದು ಕೇಳಿದೆ. ಮೊದಲು ಬಂದ ಕನ್ನಡ ಪುಸ್ತಕ ಅಂತ್ಯಕ್ರಿಯೆಯದು ಎಂದು ಅದನ್ನು ಕೊಟ್ಟವರೇ ಹೇಳಿದ್ದರಂತೆ. ಉಳಿದವುಗಳ ಲಿಪಿಯೂ ಹಾಗೇ ಕಂಡಿತಂತೆ, ಅದನ್ನೇ ಎಲ್ಲಕ್ಕೂ ನಕಲು ಮಾಡಿದನಂತೆ. ಎದುರಿಗೇ ಕೂತು ಒಂದೊಂದನ್ನೂ ತಿದ್ದಿಸಿದೆ. ಬೆಳಿಗ್ಗೆ ಬಂದು ನೋಡಿದರೆ ಲಾಲಿ ಹಾಡು ಮತ್ತೆ ಶವಸಂಸ್ಕಾರ. ಕೇಂದ್ರ ಕಚೇರಿಯ ಕಂಪ್ಯೂಟರ್ ತನ್ನಲ್ಲಿದ್ದ ಹಳೆಯ ಪಟ್ಟಿಯನ್ನೇ ರಾತ್ರಿ ತಂದು ಕೂರಿಸಿತ್ತು.

"ಪುಸ್ತಕ ಕಪಾಟಿನಲ್ಲಿ ಸಿಗುತ್ತದಲ್ಲ, ಇನ್ನೇನು ಬೇಕು ನಿನಗೆ?" ಅಂದಳು ನನ್ನ ಮೇಲಧಿಕಾರಿ. ಸಿಗುತ್ತದೆ ತಾಯಿ, ಮುಟ್ಟುವ ಧೈರ್ಯ ಯಾರಿಗಿದೆ?

ಇವತ್ತೇ ನಿಮ್ಮ ಲೈಬ್ರರಿಗೆ ಹೋಗಿ, ಒಂದು ಕನ್ನಡ ಪುಸ್ತಕ ಹುಡುಕಿಸಿ. ವಿಷಯ ತಪ್ಪಿದ್ದರೆ ತಿದ್ದುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. ಮರುದಿನವೂ ಹೋಗಿ ನೋಡಿ. ಆ ತಪ್ಪು ರಾತ್ರೋರಾತ್ರಿ ವಾಪಸ್ ಬರುತ್ತದೆ.