ಬಾಳೆಲೆಯ ಹಾಸಿಗೆ ಹಾಸುವ ಹನ್ನಮ್ಮ

ಉಪ್ಪಳದ ಪಡುವಣಕ್ಕೆ, ಗಾಳಿಮರಗಳ ತೋಪು ಮುಗಿದು ಕಡಲದಂಡೆಯ ಬರಿಯ ಹೊಯಿಗೆ ಶುರುವಾಗುವಲ್ಲಿ, ತೆಂಗಿನ ಮಡಲು ಹೊದಿಸಿದ ಉದ್ದನೆಯ ಶೆಡ್ಡೊಂದು ನಿಂತಿದೆ. ಊರಿನವರು ಆ ದಾರಿಯಾಗಿ ಹೋಗುವುದಿಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಕೂಡ ಸುತ್ತು ಬಳಸಿ ಪೇಟೆ ಸೇರುತ್ತಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೆಡ್ಡಿನ ಹಿಂದುಗಡೆ ಒಲೆಯ ಮುಂದೆ ಕುಳಿತ ಹನ್ನಮ್ಮ ಎಳೆಯ ಬಾಳೆಲೆಗಳನ್ನು ಒಂದೊಂದಾಗಿ ಕೆಂಡದ ಮೇಲೆ ಆಡಿಸಿ ಬಾಡಿಸುತ್ತಿದ್ದಾರೆ. ಪಕ್ಕದ ಹಂಡೆಯಲ್ಲಿ ಬೇವಿನ ಸೊಪ್ಪು ಹಾಕಿದ ನೀರು ಕುದಿಯುತ್ತಿದೆ.

ಈ ಎಲೆಗಳು ಊಟಕ್ಕಲ್ಲ. ಸಿಡುಬು ಬಂದವರ ಹಾಸಿಗೆಗೆ. ಬಟ್ಟೆಯ ಮೇಲೆ ಮಲಗಿಸಿದರೆ ಒಡೆದ ಗುಳ್ಳೆಗಳು ಅದಕ್ಕೆ ಅಂಟಿಕೊಂಡು, ಎಬ್ಬಿಸುವಾಗ ಚರ್ಮವೂ ಜೊತೆಗೇ ಕಿತ್ತು ಬರುತ್ತದೆ. ಬಾಡಿಸಿದ ಎಲೆಗೆ ತೆಂಗಿನೆಣ್ಣೆ ಸವರಿ ಹಾಸಿದರೆ ಅಂಟುವುದಿಲ್ಲ, ತಂಪೂ ಆಗುತ್ತದೆ. ಆದರೆ ಬೆಳಗಾಗುವಷ್ಟರಲ್ಲಿ ಎಲೆ ಒಣಗಿ ಸೀಳಿರುತ್ತದೆ. ಬಿಸಿಲೇರುವ ಮೊದಲು ಒಬ್ಬೊಬ್ಬರನ್ನೂ ಹೊರಳಿಸಿ ಹೊಸ ಎಲೆ ಹಾಸಬೇಕು. ಶೆಡ್ಡು ತುಂಬಿದ್ದರೂ ಸರಿ, ಒಬ್ಬನೇ ಇದ್ದರೂ ಸರಿ, ಆ ಕೆಲಸ ಮಾಡುವ ಕೈಗಳು ಎರಡೇ.

ಇಂದು ಮೊದಲ ಸರದಿ ಕಳ್ಳು ಇಳಿಸುವ ಚೆನ್ನಯ್ಯನದು. ಆಳು ಆನೆಯ ಹಾಗಿದ್ದಾನೆ. ಮುಖ ಬಾತು ಕಣ್ಣುಗಳೆರಡೂ ಮುಚ್ಚಿಹೋಗಿವೆ. ಹನ್ನಮ್ಮ ಮುಟ್ಟುವ ಮೊದಲು ಮಾತನಾಡಿಸುತ್ತಾರೆ. ಕಣ್ಣು ಕಾಣದವನನ್ನು ಹೇಳದೆ ಮುಟ್ಟಿದರೆ ಬೆಚ್ಚಿಬೀಳುತ್ತಾನೆ, ಬೆಚ್ಚಿದರೆ ಗುಳ್ಳೆ ಒಡೆಯುತ್ತದೆ.

“ಚೆನ್ನಯ್ಯಣ್ಣ, ನಾನು ಹನ್ನಮ್ಮ. ಈಗ ಬಲಗಡೆಗೆ ತಿರುಗಿಸ್ತೇನೆ. ಉರಿ ಉಂಟು, ಸ್ವಲ್ಪ ತಡ್ಕೊಳ್ಳಿ.”

“ಸಾಯ್ಲಿಕ್ಕೆ ಬಿಡಿ ಅಕ್ಕ,” ಎಂದು ನರಳುತ್ತಾನೆ ಅವನು.

“ಸಾಯುವುದಾದ್ರೆ ಹೊಸ ಎಲೆಯ ಮೇಲೆ ಸಾಯಿರಿ ಮಾರಾಯ್ರೇ. ಇಷ್ಟು ಬಾಡಿಸಿದ್ದೇನೆ, ದಂಡ ಆಗಬಾರದಲ್ಲ.” ನರಳುತ್ತಿದ್ದವನ ಗಂಟಲಿನಿಂದ ನಗುವಿನಂಥದ್ದೊಂದು ಹೊರಡುತ್ತದೆ. ಅಷ್ಟರಲ್ಲಿ ಅವನ ಅಡಿಯ ಎಲೆ ಬದಲಾಗಿರುತ್ತದೆ.

ನೋಡುತ್ತ ನಿಂತವರು ಮೂಗಿಗೆ ಬಟ್ಟೆ ಹಿಡಿಯುವ ವಾಸನೆ ಅದು. ಅದರ ನಡುವೆ ಈ ಹೆಂಗಸು ಮದುವೆಮನೆಯಲ್ಲಿ ಓಡಾಡುವವರ ಹಾಗೆ ಓಡಾಡುತ್ತಾರೆ. ಮನೆಮನೆಗೆ ಹೋಗಿ ಸಿಡುಬಿನ ದಾಕು ಚುಚ್ಚುವ ಹರಿನಾಥ ಹತ್ತಾರು ಊರು ಸುತ್ತಿದವರು. “ನಮ್ಮದೆಲ್ಲ ಈ ಬಾಗಿಲಿನವರೆಗೆ,” ಎನ್ನುತ್ತಾರೆ. “ಇಲ್ಲಿಂದ ಒಳಗೆ ಹನ್ನಮ್ಮನದ್ದೇ ರಾಜ್ಯ. ಇಂಥವರನ್ನು ನಾನು ಬೇರೆ ಕಡೆ ಕಂಡದ್ದಿಲ್ಲ.”

ಹನ್ನಮ್ಮ ತಲೆ ಎತ್ತಿ ನೋಡಿದಾಗ ಕಾಣುವುದು ಅವರ ಮುಖದ ತುಂಬ ಇರುವ ಸಿಡುಬಿನ ಕಲೆ. ಹಣೆ, ಕೆನ್ನೆ, ಮೂಗಿನ ತುದಿ, ಒಂದೂ ಬಿಟ್ಟಿಲ್ಲ. ಒಮ್ಮೆ ಬಂದು ಹೋದವರಿಗೆ ಮತ್ತೆ ಬಾರದ ರೋಗವಿದು. ಆ ಧೈರ್ಯದ ಮೇಲೆ ಅವರು ಒಳಗೆ ಹೋಗುತ್ತಾರೆ. ಹೊರಗಿನ ಲೋಕಕ್ಕೆ ಈ ಮುಖ ಹೊತ್ತು ಬರುವ ಧೈರ್ಯ ಮಾತ್ರ ಅವರಿಗೆ ಬಹಳ ತಡವಾಗಿ ದಕ್ಕಿತು.

ಹುಟ್ಟಿದ್ದು ದೇಲಂಪಾಡಿಯ ಕಾಡಂಚಿನಲ್ಲಿ. ತಂದೆ ತಾಯಿ ಇಬ್ಬರೂ ಒಂದೇ ಮಳೆಗಾಲದ ಜ್ವರಕ್ಕೆ ತೀರಿಹೋದರು. ಕೈಗೂಸನ್ನು ಯಾರೋ ಪುಣ್ಯಾತ್ಮರು ಮಿಶನಿನವರು ನಡೆಸುವ ಹೆಣ್ಣುಮಕ್ಕಳ ಮನೆಗೆ ತಲುಪಿಸಿದರು. ಹನ್ನ ಎಂಬ ಹೆಸರು ಇಟ್ಟದ್ದು ಅಲ್ಲಿ. ಸತ್ಯವತಿ ಎಂಬ ಇನ್ನೊಂದು ತಬ್ಬಲಿ ಕೂಸು ಅದೇ ವರ್ಷ ಬಂತು. ಒಂದೇ ಚಾಪೆ, ಒಂದೇ ಬೆಂಚು, ಒಂದೇ ಬಾಚಣಿಗೆಯಲ್ಲಿ ಇಬ್ಬರೂ ಬೆಳೆದರು. ಹಾಡಿನಲ್ಲಿ ಹನ್ನ ಮುಂದು, ಲೆಕ್ಕದಲ್ಲಿ ಸತ್ಯವತಿ ಮುಂದು. ಹತ್ತನೆಯ ವಯಸ್ಸಿನ ಹೊತ್ತಿಗೆ ಆ ಮನೆಗೆ ಸಿಡುಬು ಹೊಕ್ಕಿತು. ಇಬ್ಬರಿಗೂ ಚುಚ್ಚಿದ್ದ ದಾಕು ಸತ್ಯವತಿಯ ತೋಳಿನಲ್ಲಿ ಎದ್ದು ಹಿಡಿದಿತ್ತು, ಹನ್ನಳ ತೋಳಿನಲ್ಲಿ ಎದ್ದಿರಲಿಲ್ಲ. ಇಷ್ಟೇ ವ್ಯತ್ಯಾಸ. ಆಮೇಲಿನದ್ದೆಲ್ಲ ಈ ವ್ಯತ್ಯಾಸದ ಮೇಲೆಯೇ ನಡೆದುಹೋಯಿತು.

ಸತ್ಯವತಿ ಓದಿ ಟೀಚರಾದರು. ಮೇಷ್ಟ್ರೊಬ್ಬರ ಕೈ ಹಿಡಿದು, ಗಂಜಿ ಹಾಕಿದ ಸೀರೆ ಉಟ್ಟು, ಭಾನುವಾರ ಮಿಶನಿನ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವವರಾದರು. ಹನ್ನಮ್ಮ ಅದೇ ಹೆಣ್ಣುಮಕ್ಕಳ ಮನೆಯ ಅಡುಗೆಕೋಣೆಯಲ್ಲಿ ಉಳಿದರು. ನೋಡಲು ಬಂದ ಒಂದೆರಡು ಗಂಡುಗಳು ಚಾ ಕುಡಿದು, ಮುಖ ನೋಡಿ, ಹವಾಮಾನದ ವಿಷಯ ಮಾತನಾಡಿ ಎದ್ದುಹೋದರು.

“ಯಾರೂ ಬೈಲಿಲ್ಲ,” ಎನ್ನುತ್ತಾರೆ ಹನ್ನಮ್ಮ. “ಬೈದಿದ್ರೆ ತಿರುಗಿ ಎರಡು ಹೇಳಬಹುದಿತ್ತು. ನೋಡ್ತಿದ್ರು, ಪಾಪ ಅಂತ ಕಣ್ಣು ತಿರುಗಿಸ್ತಿದ್ರು. ಅದಕ್ಕೆ ಎಂತ ಹೇಳ್ಲಿಕ್ಕೆ ಆಗ್ತದೆ? ಪ್ರಾರ್ಥನೆಗೆ ಕಣ್ಣು ಮುಚ್ಚಿದ್ರೂ ನಾನು ದೇವರ ಹತ್ರ ಸತ್ಯವತಿಯ ಲೆಕ್ಕವೇ ಕೇಳ್ತಿದ್ದೆ. ಅವಳಿಗೆ ಅದು ಕೊಟ್ಟಿ, ನನಗೆ ಎಂತ ಕೊಟ್ಟಿ ಅಂತ.”

ಮಹಾಯುದ್ಧದ ಕಾಲದಲ್ಲಿ ಊರಿಗೆ ಊರೇ ಸಿಡುಬಿಗೆ ಸಿಕ್ಕಿದಾಗ ಜಿಲ್ಲಾ ಬೋರ್ಡಿನವರು ಈ ಶೆಡ್ಡು ಕಟ್ಟಿಸಿದರು. ರೋಗಿಗಳನ್ನು ತಂದು ಮಲಗಿಸಿದ್ದೂ ಆಯಿತು, ಆರೈಕೆಗೆ ಜನ ಸಿಗಲಿಲ್ಲ. ಹನ್ನಮ್ಮ ತಾವಾಗಿಯೇ ಬಂದರು. ಇದನ್ನು ದೊಡ್ಡ ತ್ಯಾಗವೆಂದು ಬರೆಯಲು ಹೊರಟರೆ ಅವರು ಬಿಡುವುದಿಲ್ಲ. “ಅದೆಲ್ಲ ಬರೀಬೇಡಿ. ಒಳಗೆ ಮಲಗಿದವರ ಕಣ್ಣು ಮುಚ್ಚಿರ್ತದೆ, ನನ್ನ ಮುಖ ನೋಡುವವರು ಯಾರೂ ಇಲ್ಲ ಅಂತ ಬಂದದ್ದು. ಅಡಗಿ ಕೂತ್ಕೊಳ್ಲಿಕ್ಕೆ ಜಾಗ ಹುಡುಕಿದ್ದು, ಅಷ್ಟೇ.”

ಅಡಗಲು ಬಂದವರು ಎಷ್ಟು ಜನರನ್ನು ಎಬ್ಬಿಸಿ ಕೂರಿಸಿದರೆಂದು ಲೆಕ್ಕ ಇಟ್ಟವರಿಲ್ಲ. ಆ ವರ್ಷದ ಬೇನೆ ಇಳಿದು, ವೈದ್ಯರು ಇನ್ನೇನೂ ಅಪಾಯವಿಲ್ಲ ಎಂದ ಮೇಲೆ, ಹನ್ನಮ್ಮ ಶುಭ ಶುಕ್ರವಾರದ ಆರಾಧನೆಗೆ ಹೋದರು. ಅಂದು ಕರ್ತನ ಭೋಜನ. ಸಭೆಯವರೆಲ್ಲ ಸಾಲಾಗಿ ಹೋಗಿ ಒಂದೇ ಬೆಳ್ಳಿಯ ಬಟ್ಟಲಿನಿಂದ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿಯುವುದು, ಒಬ್ಬೊಬ್ಬರು ಕುಡಿದ ಮೇಲೂ ಸಭಾಪಾಲಕರು ಬಟ್ಟಲಿನ ಅಂಚನ್ನು ಬಿಳಿಯ ವಸ್ತ್ರದಿಂದ ಒಮ್ಮೆ ಒರೆಸುವುದು ವಾಡಿಕೆ. ಹನ್ನಮ್ಮ ಕುಡಿದ ಮೇಲೆ ಆಗಿನ ಸಭಾಪಾಲಕರು ಎರಡು ಸಲ ಒರೆಸಿದರು. ಬೇಕೆಂದು ಮಾಡಿದರೋ, ಸಾಲಿನಲ್ಲಿ ನಿಂತವರ ಕಣ್ಣುಗಳಿಗೆ ಅಂಜಿ ಮಾಡಿದರೋ, ಕೇಳೋಣವೆಂದರೆ ಅವರು ಈಗ ಇಲ್ಲ. ಎರಡನೆಯ ಸಲ ಆ ವಸ್ತ್ರ ಆಡಿದ್ದು ಮಾತ್ರ ಹನ್ನಮ್ಮನ ಎದೆಯಲ್ಲಿ ನಾಟಿಕೊಂಡಿತು.

ಅಂದಿನಿಂದ ಅವರು ತಮ್ಮ ಬೆಂಚಿನ ಸರದಿ ಬಿಟ್ಟುಕೊಟ್ಟರು. ಎಲ್ಲರೂ ಕುಡಿದು ಬಂದ ಮೇಲೆ, ತನ್ನ ನಂತರ ಯಾರೂ ಆ ಬಟ್ಟಲಿಗೆ ಬಾಯಿ ಇಡಬೇಕಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಟ್ಟಕಡೆಗೆ ಎದ್ದು ಹೋಗುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹನ್ನಮ್ಮನದ್ದು ಎಂಥ ವಿನಯ ಎಂದು ಹೊಗಳಿದವರೂ ಉಂಟು.

ಈ ಗಂಟು ಬಿಚ್ಚಿದ್ದು ದೇವಾಲಯದಲ್ಲಲ್ಲ, ಇದೇ ಶೆಡ್ಡಿನಲ್ಲಿ. ಎರಡು ವರ್ಷದ ಹಿಂದೆ ನೆಕ್ರಾಜೆಯ ದೊಡ್ಡ ಮನೆತನದ ಹಿರಿಯ ಹೆಂಗಸು ವಸುಮತಿಯಮ್ಮನನ್ನು ಇಲ್ಲಿಗೆ ತಂದು ಮಲಗಿಸಿದರು. ಕರೆತಂದ ಮನೆಯವರು ಗಾಳಿಮರದ ತೋಪಿನಾಚೆಯೇ ನಿಂತು ಹಿಂದಿರುಗಿದರು. ಮೈಯೆಲ್ಲ ಗುಳ್ಳೆ, ಕಣ್ಣು ಮುಚ್ಚಿಹೋಗಿದೆ, ಜ್ವರದಲ್ಲಿ ನಾಲಿಗೆ ಒಣಗಿ ಹಪ್ಪಳವಾಗಿದೆ. ಹನ್ನಮ್ಮ ತುಟಿಗೆ ನೀರು ಹಿಡಿದರೆ ಮುದುಕಿ ಬಾಯಿ ಬಿಗಿದುಕೊಂಡರು.

“ನೀನು ಯಾವ ಮನೆಯವಳು?”

“ನಾನು ಇಲ್ಲಿ ಕೆಲಸದವಳು ಅಮ್ಮ.”

“ಕೆಲಸ ಕೇಳಲಿಲ್ಲ ನಾನು. ಯಾವ ಮನೆ, ಯಾರ ಮಗಳು? ಅದು ಗೊತ್ತಾಗದೆ ನೀರು ಕುಡಿಯುವುದು ಹೇಗೆ?”

ಈ ಸೀಮೆಯಲ್ಲಿ ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆ ಇದು. ಹೇಳಲು ಮನೆ ಹೆಸರಿಲ್ಲದ ಹನ್ನಮ್ಮ ಬದುಕಿಡೀ ಇದರಿಂದ ತಪ್ಪಿಸಿಕೊಂಡು ಬಂದವರು. ಅಂದು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನೀರು ಗಂಟಲಿಗೆ ಇಳಿಯದಿದ್ದರೆ ಆ ಜೀವ ಸಂಜೆಯವರೆಗೆ ಉಳಿಯುವಂತಿರಲಿಲ್ಲ. ಸುಳ್ಳು ಹೇಳಿ ಯಾವುದಾದರೂ ಮನೆಯ ಹೆಸರು ಎತ್ತಬಹುದಿತ್ತು. ಹನ್ನಮ್ಮನ ಬಾಯಿಗೆ ಬಂದದ್ದು ಹೆಣ್ಣುಮಕ್ಕಳ ಮನೆಯಲ್ಲಿ ದಿನಾ ಬೆಳಿಗ್ಗೆ ಎಲ್ಲರೊಂದಿಗೆ ಒಕ್ಕೊರಲಿನಿಂದ ಹೇಳುತ್ತಿದ್ದ, ಒಂದು ದಿನವೂ ತನ್ನದೆಂದು ನಂಬದಿದ್ದ ಮಾತು.

“ನಾನು ದೇವರ ಮಗಳು ಅಮ್ಮ. ನನಗೆ ಬೇರೆ ಮನೆ ಇಲ್ಲ.”

ವಸುಮತಿಯಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ, “ಹಾಗಾದರೆ ನಮ್ಮ ಮನೆಗಿಂತ ದೊಡ್ಡ ಮನೆಯೇ ಆಯಿತಲ್ಲ,” ಎಂದರು. “ಕೊಡು.”

ಇದನ್ನು ಹೇಳುವಾಗ ಹನ್ನಮ್ಮನ ಕೈಯಲ್ಲಿದ್ದ ಬಾಳೆಲೆ ಅಲ್ಲಾಡದೆ ನಿಲ್ಲುತ್ತದೆ. “ತಮಾಷೆಗೆ ಹೇಳಿದ್ದಲ್ಲ ಅವರು. ಯಾರಾದ್ರೂ ಇಂಥ ಮನೆಯವಳು ಅಂದ್ರೆ ಹೌದು ಅನ್ನುವ ಹಾಗೆ ಹೌದು ಅಂದ್ರು. ಇಷ್ಟು ವರ್ಷ ದೇವಾಲಯದಲ್ಲಿ ಸತ್ಯವೇದ ಓದಿದವಳು ನಾನು, ನಂಬಿದ್ದು ಅವರು. ಹೊರಗೆ ಬಂದು ಈ ಹಂಡೆಯ ಹತ್ರ ಕೂತು ಅತ್ತೆ. ದುಃಖಕ್ಕಲ್ಲ. ಅಪ್ಪನ ಮನೆಯಲ್ಲಿ ಇಷ್ಟು ದಿನ ಕೆಲಸದವಳ ಹಾಗೆ ಬಾಗಿಲಲ್ಲಿ ನಿಂತೆನಲ್ಲ ಅಂತ.”

ವಸುಮತಿಯಮ್ಮ ಬದುಕಿದರು. ಮರುವರ್ಷದ ಶುಭ ಶುಕ್ರವಾರ ಹನ್ನಮ್ಮ ದೇವಾಲಯದಲ್ಲಿ ಕಡೆಯವರೆಗೆ ಕಾಯಲಿಲ್ಲ. ತಮ್ಮ ಬೆಂಚಿನ ಸರದಿ ಬಂದೊಡನೆ ಎದ್ದರು. ಕಲೆ ಮುಚ್ಚಲು ಯಾವಾಗಲೂ ಕೆನ್ನೆಗೆ ಎಳೆದುಕೊಳ್ಳುತ್ತಿದ್ದ ಸೆರಗು ಅಂದು ತಲೆಯ ಮೇಲೆಯೇ ಇತ್ತು. ಹಿಂದೆಯೇ ಇದ್ದವರು ಸತ್ಯವತಿ ಟೀಚರು, ಅವರ ಹಿಂದೆ ಸಭೆಯ ಅರ್ಧ ಹೆಂಗಸರು. ಹನ್ನಮ್ಮ ಬಟ್ಟಲಿಗೆ ತುಟಿ ಇಟ್ಟು ಕುಡಿದರು. ಈಗಿನ ಸಭಾಪಾಲಕರು ಅಂಚನ್ನು ಒಂದು ಸಲ ಒರೆಸಿ, ಬಟ್ಟಲನ್ನು ಮುಂದೆ ಹಿಡಿದರು.

“ನನಗೆ ಹೆದರಿಕೆ ಆದದ್ದು ಹೌದು,” ಎಂದು ಸತ್ಯವತಿ ಟೀಚರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. “ಮಕ್ಕಳೊಂದಿಗಳು ನಾನು. ನನ್ನ ಹಿಂದಿನಿಂದ ಇಬ್ಬರು ಸಾಲು ಬಿಟ್ಟು ಬೆಂಚಿಗೆ ಹೋಗಿ ಕೂತ ಸದ್ದು ಕೇಳಿತು. ನಾನೂ ಹೋಗಬಹುದಿತ್ತು. ಆದರೆ ಹನ್ನ ತಿರುಗಿ ನೋಡಲೇ ಇಲ್ಲ. ಯಾರು ಕುಡಿಯುತ್ತಾರೆ, ಯಾರು ಬಿಡುತ್ತಾರೆ ಅಂತ ನೋಡದೆ ನೆಟ್ಟಗೆ ತನ್ನ ಜಾಗಕ್ಕೆ ಹೋದಳು. ಸಣ್ಣದರಿಂದ ಅವಳನ್ನು ಕಂಡವಳು ನಾನು, ಆ ನಡಿಗೆ ಕಂಡದ್ದು ಅದೇ ಮೊದಲು. ಕುಡಿದೆ.”

ಸಾಲು ಬಿಟ್ಟುಹೋದ ಇಬ್ಬರ ವಿಷಯ ಎತ್ತಿದರೆ ಹನ್ನಮ್ಮನಿಗೆ ಬೇಸರವೇನಿಲ್ಲ. “ಹೆದರುವವರು ಹೆದರ್ಲಿ, ಪಾಪ. ಒಬ್ಬಳು ಮೊನ್ನೆ ಗಂಡನನ್ನು ಇಲ್ಲಿಗೇ ತಂದ್ಳು. ಸತ್ಯವತಿ ಕುಡಿಯದಿದ್ರೂ ನಾನು ಕುಡಿದದ್ದು ಕುಡಿದದ್ದೇ. ಅದು ಅವರು ಬಡಿಸಿದ್ದಲ್ಲ, ಅಪ್ಪನ ಮನೆಯದ್ದು.”

ಹಾಗೆಂದು ಹೋಲಿಸಿ ನೋಡುವ ಬುದ್ಧಿ ಪೂರ್ತಿ ಬಿಟ್ಟುಹೋಯಿತೇ ಎಂದು ಕೇಳಿದರೆ ಕಲೆಗಳ ನಡುವೆ ನಗು ಹರಡುತ್ತದೆ. “ಸತ್ಯವತಿ ಹೊಸ ಸೀರೆ ಉಟ್ರೆ ಈಗಲೂ ಒಮ್ಮೆ ನೋಡ್ತೇನೆ. ಸೀರೆಯನ್ನು ಮಾತ್ರ. ಮೊದಲು ಆ ಸೀರೆಯ ಎದುರು ನನ್ನನ್ನು ನಿಲ್ಲಿಸಿ ನೋಡ್ತಿದ್ದೆ. ಈಗ ಸೀರೆ ಚಂದ ಉಂಟು ಅಂತ ಅವಳಿಗೇ ಹೇಳ್ತೇನೆ.”

ಬಿಸಿಲು ಏರಿದೆ. ಒಳಗೆ ಎಲ್ಲರಿಗೂ ಹೊಸ ಎಲೆ ಬಿದ್ದಿದೆ, ಕಣ್ಣು ತೊಳೆದಾಗಿದೆ. ಚೆನ್ನಯ್ಯನ ಎಡಗಣ್ಣು ಇಂದು ಒಂದು ಗೆರೆಯಷ್ಟು ತೆರೆದುಕೊಂಡಿದೆ. ಗಂಜಿಯ ತಟ್ಟೆ ಹಿಡಿದವರನ್ನು ಅವನು ಆ ಗೆರೆಯಿಂದಲೇ ನೋಡುತ್ತ ಬಾಯಿ ತೆರೆಯುತ್ತಾನೆ. ಈ ಕೈಗಳಿಗೆ ಕೈಮುಗಿಯಬೇಕೆಂದು ನೋಡುವವರಿಗೂ ಅನ್ನಿಸುತ್ತದೆ. ಮುಗಿದರೆ ಹನ್ನಮ್ಮ ಬೈದಾರೆಂಬ ಹೆದರಿಕೆಯೂ ಇದೆ.

ಪತ್ರಿಕೆಗಾಗಿ ಮಂಗಳೂರಿನಿಂದ ಬಂದ ಛಾಯಾಗ್ರಾಹಕ ಉದಯಶಂಕರ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿದ್ದಾರೆ. ಒಳ್ಳೆಯ ಮನಸ್ಸಿನವರು. “ಅಮ್ಮ, ಸ್ವಲ್ಪ ಆ ನೆರಳಿಗೆ ಸರಿದು, ಮುಖ ಒಂದು ಬದಿಗೆ ತಿರುಗಿಸಿದ್ರೆ ಚಂದ ಬರ್ತದೆ,” ಎನ್ನುತ್ತಾರೆ ಮೆತ್ತಗೆ. ಬದುಕಿನಲ್ಲಿ ಒಮ್ಮೆಯೂ ಫೋಟೋ ತೆಗೆಸಿಕೊಳ್ಳದ ಹನ್ನಮ್ಮನಿಗೆ ಆ ಮಾತಿನ ಒಳಗಿನದ್ದು ಕೂಡಲೇ ತಿಳಿಯುತ್ತದೆ. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಮಡಲಿನ ನೆರಳು ಬಿಟ್ಟು, ನಡು ಅಂಗಳದ ಬಿಸಿಲಿಗೆ ಬಂದು ನೇರ ನಿಲ್ಲುತ್ತಾರೆ.

“ಹೀಗೇ ತೆಗೀರಿ ಮಾರಾಯ್ರೇ, ಕಲೆ ಸರಿಯಾಗಿ ಕಾಣ್ಬೇಕು. ದಾಕು ಹಾಕಿಸಿಕೊಳ್ಳದವರು ನೋಡಿ ಹೆದರ್ಲಿ. ಸಿಡುಬು ಬಂದು ಉಳಿದವರು ನೋಡಿ ಧೈರ್ಯ ತಕ್ಕೊಳ್ಲಿ. ಎರಡಕ್ಕೂ ಈ ಮುಖ ಆಗ್ತದೆ.”